ನೋವಿಲ್ಲದ ಬೆರಳಿಗೆ ಕಟ್ಟಿದ ಬಟ್ಟೆ

ನನ್ನ ಜೊತೆಗಾರ ರುದ್ರಪ್ಪನಿಗೆ,

ಹೋದ ಭಾನುವಾರ ಹಿರಿಯೂರಿನ ಶಾಲೆ ಬಯಲಿನಲ್ಲಿ ನಿನ್ನ ನೆನಪಿಗೆಂದು ತತ್ವಪದಗಳ ಹಾಡಿಕೆ ಇಟ್ಟಿದ್ದರು. ಹದಿನೆಂಟು ವರ್ಷ ನಿನ್ನ ಹಾಡಿಗೆ ತಬಲಾ ಬಾರಿಸಿದ ನಾನು ಆ ದಿನ ಬಾರಿಸಲಿಲ್ಲ. ಬೆರಳು ಬಾತಿದೆ ಎಂದು ಸುಳ್ಳು ಹೇಳಿದೆ. ಅದರ ಹಿಂದಿನ ಕಾರಣ ನೀನಿದ್ದಾಗಲೇ ನಿನಗೆ ಗೊತ್ತಿತ್ತೋ ಇಲ್ಲವೋ...

ಹೊಸದುರ್ಗದಲ್ಲಿ ನಿನಗೆ ಶಾಲು ಹೊದಿಸಿದ್ದು ನೆನಪಿದೆಯಾ? ಅಲ್ಲಿನ ಯಜಮಾನರು ನನ್ನ ಕಡೆ ತಿರುಗಿ, "ತಬಲದೋರೇ, ಸ್ವಲ್ಪ ಮೆತ್ತಗೆ ಬಾರಿಸ್ರಿ, ಹಾಡೇ ಕೇಳಂಗಿಲ್ಲ" ಅಂದರು. ನೀನು ನಕ್ಕೆ. ಅಷ್ಟೇ. ಆ ನಗು ನನ್ನ ಹೊಟ್ಟೆಯೊಳಗೆ ಉಳಿದುಬಿಟ್ಟಿತು.

ಮುಂದಿನ ತಿಂಗಳು ಹೊಳಲ್ಕೆರೆ. ನಿನ್ನ ಗಿರಣಿಯ ಹಿಟ್ಟಿನ ಧೂಳು ಎದೆಯಲ್ಲಿ ಕೂತು ಆಗಲೇ ಉಬ್ಬಸ ಶುರುವಾಗಿತ್ತು. "ನಾಗಣ್ಣ, ಇವತ್ತು ನಿಧಾನಕ್ಕೆ ಹಿಡಿಯಪ್ಪ, ಉಸಿರು ಸಾಲ್ತಿಲ್ಲ" ಎಂದು ನೀನು ಬಸ್ಸಿನಲ್ಲೇ ಹೇಳಿದ್ದೆ. ಮೂರನೆಯ ಪದಕ್ಕೆ ನಾನು ಲಯ ಏರಿಸಿದೆ. ನೀನು ಕೈಯೆತ್ತಿ ಬೇಡವೆಂದು ಸನ್ನೆ ಮಾಡಿದೆ. ಅದನ್ನು ಕಂಡೂ ನಾನು ಇನ್ನಷ್ಟು ಏರಿಸಿದೆ. ಸಾಲಿನ ನಡುವೆಯೇ ನಿನಗೆ ಉಸಿರು ಕಟ್ಟಿ ಕೆಮ್ಮು ಹತ್ತಿತು. ಮುಂದೆ ಕೂತಿದ್ದವರು ಯಾರೋ ನಕ್ಕರು. ನೀನು ಜನಕ್ಕೆ ಕೈಮುಗಿದು ಎದ್ದುಬಿಟ್ಟೆ. ವಾಪಸು ಬರುವಾಗ, "ನಿನ್ನ ಕೈ ಇವತ್ತು ಭಾಳ ಚೆನ್ನಾಗಿತ್ತು ಕಣಪ್ಪ" ಅಂದೆಯಲ್ಲ, ಅದು ಹೊಗಳಿಕೆಯಾ? ಕೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ನೀನು ಎಲ್ಲಿಯೂ ಹಾಡಲಿಲ್ಲ. ಎರಡು ವರ್ಷಕ್ಕೆ ಹೋಗಿಯೇಬಿಟ್ಟೆ.

ಈ ಹಾಡಿಕೆಗೆ ನನ್ನನ್ನು ಕರೆಯಲು ನಿನ್ನ ಹೆಂಡತಿ ಪಾರ್ವತಕ್ಕ ಮನೆಗೇ ಬಂದರು. ಬಟ್ಟೆ ಸುತ್ತಿದ ಬೆರಳು ತೋರಿಸಿದೆ. ಸುಮ್ಮನೆ ಹೋಗುತ್ತಾರೆ ಅಂದುಕೊಂಡಿದ್ದೆ. "ಎಲ್ಲಿ, ಕೊಡ್ರಿ ಇಲ್ಲಿ" ಎಂದು ಬಟ್ಟೆ ಬಿಚ್ಚಿಯೇಬಿಟ್ಟರು. ತಿರುಗಿಸಿ ತಿರುಗಿಸಿ ನೋಡಿ, "ಮೇಲೆ ಏನೂ ಕಾಣಲ್ಲ. ಒಳಬಾವು ಇರ್ಬೇಕು, ಅದೇ ಭಾಳ ನೋವು ಕೊಡೋದು" ಅಂದರು. ಅರಿಶಿನ, ಸುಣ್ಣ ಕಲಸಿ ಹಚ್ಚಿ, ಹೊಸದಾಗಿ ಬಟ್ಟೆ ಕಟ್ಟಿದರು. ನಾನು ಕೈ ಚಾಚಿಕೊಂಡು ಕೂತಿದ್ದೆ, ರುದ್ರಪ್ಪ. ಎಂಥ ಮನುಷ್ಯ ನಾನು?

ಭಾನುವಾರ ಸಂಜೆ ಬಯಲಿನ ಕಾಂಪೌಂಡಿನಾಚೆ, ತೆಂಗಿನಕಾಯಿ ಮಂಡಿಯ ಮಗ್ಗುಲಲ್ಲಿ ನಿಂತು ಕೇಳಿದೆ. ಚಿತ್ರದುರ್ಗದಿಂದ ಬಂದ ತಬಲಾದವನು ಚೆನ್ನಾಗಿಯೇ ಬಾರಿಸಿದ. ಮಧ್ಯೆ ಹಾಡಿಕೆ ಇಟ್ಟವರೊಬ್ಬರು ಮೈಕಿನಲ್ಲಿ, "ನಾಗಣ್ಣನವರ ಕೈಗೆ ಆಗಲಿಲ್ಲ, ಅವರ ಮನಸ್ಸೆಲ್ಲ ಇಲ್ಲೇ ಐತೆ" ಅಂದರು. ಜನ ಚಪ್ಪಾಳೆ ತಟ್ಟಿದರು. ನಿನ್ನ ನೆನಪಿನ ಹಾಡಿಕೆಯಲ್ಲಿ ನನಗೆ ಚಪ್ಪಾಳೆ!

ಮರುದಿನ ಬೆಳಿಗ್ಗೆ ಗಿರಣಿಗೆ ಹೋದೆ. ಈಗ ಅದನ್ನು ಪಾರ್ವತಕ್ಕನೇ ನಡೆಸುತ್ತಿದ್ದಾರೆ. ಬೆರಳಿನ ಸುಳ್ಳನ್ನೂ ಹೊಳಲ್ಕೆರೆಯಲ್ಲಿ ಮಾಡಿದ್ದನ್ನೂ ಹೇಳಿಬಿಟ್ಟೆ. ಅವರು ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡರು.

"ಅವತ್ತು ಮನೆಗೆ ಬಂದು, 'ನನ್ನ ಉಸಿರೇ ನನಗೆ ಮೋಸ ಮಾಡ್ತು ಕಣೇ, ಇನ್ನು ಹಾಡಲ್ಲ' ಅಂದ್ರು" ಅಂದರು. "ನಿಮ್ಮ ಹೆಸರೇ ಎತ್ತಲಿಲ್ಲ."

"ತಪ್ಪಾಯ್ತು, ಪಾರ್ವತಕ್ಕ."

"ಇದನ್ನ ಅವರಿರುವಾಗ ಹೇಳ್ಬೇಕಿತ್ತು, ನಾಗಣ್ಣ. ನನಗೆ ಹೇಳಿ ಏನ್ ಬಂತು? ರಾಗಿ ತಂದೋರು ಕಾಯ್ತಾ ಅವ್ರೆ. ಹೋಗ್ರಿ."

ಅವರು ಒಳಗೆ ಹೋಗಿ ಮೋಟಾರು ಹಾಕಿದರು. ನಾನು ಹೊರಗೆ ಬಂದೆ. ಆ ಗದ್ದಲದೊಳಗಿಂದ ಹಾಡು ಕೇಳಿಸಿತು. ನೀನು ಹಾಡುತ್ತಿದ್ದ ಪದವೇ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳದು ಅಂದುಕೊಂಡಿದ್ದರೇನೋ, ಪಾರ್ವತಕ್ಕ ಗಟ್ಟಿಯಾಗಿಯೇ ಹಾಡುತ್ತಿದ್ದರು. ಅವರು ಹಾಡುತ್ತಾರೆಂದು ನೀನು ಒಮ್ಮೆಯೂ ಹೇಳಿರಲಿಲ್ಲ. ನಿನಗೂ ಗೊತ್ತಿರಲಿಲ್ಲವಾ? ರಾಗಿ ಬೀಸಿಸಿಕೊಳ್ಳಲು ನಿಂತಿದ್ದ ಮುದುಕಿಯೊಬ್ಬಳು, "ಆಕೆ ದಿನಾ ಹಿಂಗೇ ಹಾಡ್ತಾಳೆ ಕಣಪ್ಪ. ಗಂಡ ಇದ್ದಾಗಿನಿಂದ್ಲೂ" ಅಂದಳು.

ಪದ ಮುಗಿಯುವ ತನಕ ಹೊರಗೇ ನಿಂತು ಕೇಳಿದೆ. ಒಳಗೆ ಹೋಗಲಿಲ್ಲ. ಅವರಾಗಿ ಕರೆಯುವ ತನಕ ಹೋಗುವುದೂ ಇಲ್ಲ.

ನಿನ್ನ
ನಾಗಣ್ಣ