ಗುಂಡವ್ವನ ಹೊಟ್ಟೆಯ ಕೆಳಗಿನ ಬಿಸಿ

೧೦ ಜೂನ್ ೨೦೨೫, ಮಂಗಳವಾರ

ತಾಂಬಾ ಊರಿನಿಂದ ರಿಪೇರಿಗೆ ಎರಡು ಪಂಪು ಬಂದಿವೆ. ಎರಡೂ ಸುಟ್ಟವೇ. ಒಂದರ ತಂತಿ ಬಿಚ್ಚಿ ಮುಗಿಯಿತು, ಇನ್ನೊಂದು ನಾಳೆಗೆ. ಮೂರು ಗಂಟೆಗೆ ಜ್ಯೋತಿಯ ಫೋನು – "ರೀ, ಹಾವು ಬಂತು. ಲಗೂನ ಮನಿಗೆ ಬರ್ರಿ." ಪ್ರಾಣಿಶಾಸ್ತ್ರದ ಲೆಕ್ಚರರನ್ನು ಕಟ್ಟಿಕೊಂಡವನು ಇಂಥ ಫೋನಿಗೆ ಬೆಚ್ಚಬಾರದು. ಆದರೂ ಸ್ಕ್ರೂಡ್ರೈವರ್ ಕೈಯಿಂದ ಬಿತ್ತು.

ಬಾಲ್ ಪೈಥಾನ್ ಅಂತೆ. ಆಫ್ರಿಕಾದ ತಳಿ, ವಿಷವಿಲ್ಲ. ಪುಣೆಯ ಗೆಳತಿಯ ಮನೆಯಲ್ಲಿ ಹಾವುಗಳು ಹೆಚ್ಚಾದವು, ಒಂದು ಇವಳಿಗೆ. ನಮ್ಮ ನಾಡಿನ ಹಾವನ್ನು ಸಾಕುವಂತಿಲ್ಲ, ಇದನ್ನು ನೋಂದಣಿ ಮಾಡಿಸಿ ಸಾಕಬಹುದು – ಕಾಗದಪತ್ರ ಮೂರು ಸಲ ತೋರಿಸಿದಳು. ಐದು ತಿಂಗಳ ಮರಿ, ಹೆಣ್ಣು. ಅಂಗಡಿಯಲ್ಲಿ ತಾಮ್ರದ ತಂತಿ ತೂಗುವ ತಕ್ಕಡಿಯನ್ನೇ ಮನೆಗೆ ತಂದೆ. ೯೨ ಗ್ರಾಂ. ಮುಟ್ಟಿದರೆ ಸಾಕು, ಸುತ್ತಿಕೊಂಡು ಉಂಡೆಯಾಗಿ ತಲೆಯನ್ನು ನಡುವೆ ಅಡಗಿಸುತ್ತದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಏ, ಇದು ಗುಂಡವ್ವ ಆಗೇತಿ ನೋಡು!" ಹೆಸರಿಟ್ಟಾಯಿತು.

ನಾನು ಮುಟ್ಟಲಿಲ್ಲ. ಸಿಂದಗಿಯಲ್ಲಿ ಇಪ್ಪತ್ತೆರಡು ವರ್ಷ ಮೋಟಾರ್ ವೈಂಡಿಂಗ್ ಮಾಡಿದ್ದೇನೆ, ಕರೆಂಟಿಗೆ ಅಂಜಿದವನಲ್ಲ. ಹಾವೆಂದರೆ ಮಾತ್ರ... ಇಲ್ಲಿ ಬರೆದರೆ ಯಾರು ಓದುತ್ತಾರೆ. ಹೆದರಿಕೆ. ಚಿಕ್ಕಂದಿನಿಂದ.

೧೨ ಜೂನ್

ಪೆಟ್ಟಿಗೆ ಮಾಡುವುದು ನನ್ನ ಪಾಲಿನ ಕೆಲಸ. ಹಳೆಯ ಟಿವಿ ಶೋಕೇಸಿಗೆ ಗಾಜಿನ ಬಾಗಿಲು ಕೂರಿಸಿ, ಒಳಗೆ ನೂರು ವ್ಯಾಟಿನ ಬಲ್ಬು ಇಳಿಬಿಟ್ಟೆ. ನಾಲ್ಕು ಅಡಿ ಉದ್ದ. ಅರಮನೆ! ಜ್ಯೋತಿ ಸುತ್ತ ತಿರುಗಿ ನೋಡಿದಳು.

"ಭಾಳ ಛಂದ ಆಗೇತ್ರಿ. ಆದ್ರ ಇದಕ್ಕ ಬ್ಯಾಡ."

"ಯಾಕ? ಏನಾಗೇತಿ?"

"ಸಣ್ಣ ಮರಿಗೆ ಇಷ್ಟ ದೊಡ್ಡ ಬಯಲು ಕೊಟ್ರ ಅಂಜತೈತ್ರಿ. ಅಡಗಿ ಕೂಡಾಕ ಇಕ್ಕಟ್ಟಿನ ಜಾಗ ಬೇಕು. ಮತ್ತ ಬಲ್ಬಿಗೆ ಸುತಗೊಂಡ್ರ ಸುಟ್ಟಕೊಂತೈತಿ. ಮೈ ಸುಡಾಕತ್ತೇತಿ ಅನ್ನೂದು ಹಾವಿಗೆ ಲಗೂನ ತಿಳಿಯಂಗಿಲ್ಲ."

ಸಿಟ್ಟು ಬಂತು. ಎರಡು ದಿನದ ಕೆಲಸ. ಆಮೇಲೆ ಅವಳು ಕೂತು ಹೇಳಿದ್ದನ್ನು ಕೇಳಿದೆ. ಪೆಟ್ಟಿಗೆಯ ಒಂದು ತುದಿ ಬೆಚ್ಚಗಿರಬೇಕು, ಮೂವತ್ತೊಂದು-ಮೂವತ್ತೆರಡು ಡಿಗ್ರಿ. ಇನ್ನೊಂದು ತುದಿ ತಂಪು, ಇಪ್ಪತ್ತಾರು. ಎರಡೂ ಕಡೆ ಒಂದೊಂದು ಗೂಡು. ಹಾವಿಗೆ ಸ್ವಂತ ಬಿಸಿಯಿಲ್ಲ, ಬೇಕಾದ ಬಿಸಿಯನ್ನು ಅತ್ತಿತ್ತ ಹರಿದು ತಾನೇ ಆರಿಸಿಕೊಳ್ಳುತ್ತದೆ. ಬಿಸಿ ಸಿಗದಿದ್ದರೆ ತಿಂದದ್ದು ಅರಗುವುದಿಲ್ಲ, ಅದಕ್ಕೇ ತಿನ್ನುವುದನ್ನೇ ಬಿಡುತ್ತದೆ. ಪುಸ್ತಕ ತೆರೆಯಲಿಲ್ಲ, ಫೋನ್ ನೋಡಲಿಲ್ಲ, ಇಷ್ಟನ್ನೂ ಹಾಗೇ ಹೇಳಿದಳು. ಹದಿನಾರು ವರ್ಷದ ಸಂಸಾರ, ಇವಳ ತಲೆಯಲ್ಲಿ ಇನ್ನೂ ಏನೇನಿದೆಯೋ. ಹೆಮ್ಮೆ ಆಯಿತು. ಹೇಳಲಿಲ್ಲ.

೧೫ ಜೂನ್, ಭಾನುವಾರ

ಎರಡು ಅಡಿಯ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳಕ್ಕೆ ನಾಲ್ಕೂ ಕಡೆ ಕ್ಲಿಪ್ಪು. ಬಿಸಿ ಕಡ್ಡಿಯಿಂದ ಗಾಳಿಗೆ ತೂತು – ಪೆನ್ಸಿಲಿಗಿಂತ ಸಣ್ಣವು. ಒಳಗೆ ತೆಂಗಿನ ನಾರಿನ ಪುಡಿ, ನೀರಿನ ಬಟ್ಟಲು, ಗೂಡಿಗೆ ಒಡೆದ ಮಣ್ಣಿನ ಕುಂಡಗಳು, ಅಂಚು ಉಜ್ಜಿ ನುಣ್ಣಗೆ ಮಾಡಿದವು. ಹೀಟ್ ಮ್ಯಾಟ್ – ಕರೆಂಟಿನಿಂದ ಕಾಯುವ ತೆಳು ಹಾಳೆ – ಡಬ್ಬಿಯ ಹೊರಗೆ, ತಳದ ಮೂರರಲ್ಲೊಂದು ಪಾಲಿಗೆ ಮಾತ್ರ.

ಬಿಸಿ ಹಿಡಿತದಲ್ಲಿಡುವ ಕಂಟ್ರೋಲರ್ ಕೊಟ್ಟವನು ತಬ್ರೇಜ, ಪಕ್ಕದ ಫ್ರಿಜ್ ರಿಪೇರಿ ಅಂಗಡಿಯವನು. ಕೋಳಿಮರಿ ಸಾಕುವವರ ಪೆಟ್ಟಿಗೆಗೆ ನಾನು ಇಂಥವನ್ನು ಎಷ್ಟೋ ಕೂರಿಸಿದ್ದೇನೆ. ಅಲ್ಲಿ ಸೆನ್ಸರ್ ಗಾಳಿಯಲ್ಲಿ ತೂಗಾಡುತ್ತದೆ. ಇಲ್ಲಿಯೂ ಹಾಗೇ ಬಿಟ್ಟೆ, ತಳದಿಂದ ಎರಡು ಇಂಚು ಮೇಲೆ. ೩೧.೫ಕ್ಕೆ ಸೆಟ್. ಕಾಲು ತಾಸು ಕೂತು ನೋಡಿದೆ. ಆನ್, ಆಫ್. ಅಂದವಾಗಿ ಕೆಲಸ ಮಾಡುತ್ತಿದೆ. ಜ್ಯೋತಿ ಬೆನ್ನು ತಟ್ಟಿದಳು!

ಊಟದ ಸಮಸ್ಯೆ – ಹೆಪ್ಪುಗಟ್ಟಿಸಿದ ಸಣ್ಣ ಇಲಿ. ಸೊಲ್ಲಾಪುರದಿಂದ ಐಸ್ ಡಬ್ಬಿಯಲ್ಲಿ ಬಂದವು. ಲಿಂಗ ಕಟ್ಟಿದ ಮನೆ, ಅವ್ವನ ಫ್ರಿಜ್ಜಿನಲ್ಲಿ ಇಡುವುದು ಸಾಧ್ಯವೇ ಇಲ್ಲ. ತಬ್ರೇಜನ ಅಂಗಡಿಯ ಸಣ್ಣ ಫ್ರಿಜ್ಜಿನಲ್ಲಿ ಇಟ್ಟೆವು. ಇಲಿಯ ಡಬ್ಬಿಯ ಮೇಲೆ "ಬೇರಿಂಗ್" ಎಂದು ಬರೆದೆ.

೨೪ ಜೂನ್

ಮೊದಲ ಊಟ. ಮುಟ್ಟಲಿಲ್ಲ. ಹೊಸ ಜಾಗ, ಹೊಂದಿಕೊಳ್ಳಲಿ ಎಂದಳು ಜ್ಯೋತಿ.

ದೂರದಿಂದಲೇ ಒಂದು ತಾಸು ನೋಡಿದೆ. ಅದರ ತುಟಿಯ ಮೇಲೆ ಸಾಲಾಗಿ ಸಣ್ಣ ಗುಳಿಗಳಿವೆ. ಕತ್ತಲಲ್ಲಿ ಇಲಿಯ ಮೈಬಿಸಿ ಅವಕ್ಕೆ ತಿಳಿಯುತ್ತದಂತೆ. ಮೈಮೇಲೆ ಕಂದು, ಹಳದಿ, ಯಾರೋ ಕೂತು ಹೊಲಿದ ಕೌದಿ. ಇಷ್ಟು ಅಂದದ ಜೀವವನ್ನು ಇಷ್ಟು ವರ್ಷ ಹೆದರಿ ನೋಡದೇ ಇದ್ದೆನಲ್ಲ. ಈಗಲೂ ಹೆದರಿಕೆ ಹೋಗಿಲ್ಲ, ಅದು ಬೇರೆ.

೭ ಜುಲೈ, ಸೋಮವಾರ

ಮೂರು ದಿನದಿಂದ ಜಿಟಿಜಿಟಿ ಮಳೆ. ಗುಂಡವ್ವ ಇವತ್ತೂ ತಿನ್ನಲಿಲ್ಲ. ಮೂರನೇ ಸಲ. ೮೭ ಗ್ರಾಂ.

ಸದಾ ತಂಪು ತುದಿಯ ಗೂಡಿನಲ್ಲೇ. ಬೆಚ್ಚನೆಯ ಕಡೆ ಹೋಗುವುದೇ ಇಲ್ಲ. ಜ್ಯೋತಿ ಕೇಳಿದಳು, "ಬಿಸಿ ಸರಿ ಐತೇನ್ರಿ?" ಮೀಟರ್ ತೋರಿಸಿದೆ – ೩೧.೫. ಒಂದು ಕೂದಲೆಳೆ ಅತ್ತಿತ್ತ ಇಲ್ಲ. ನನ್ನ ಕೆಲಸದ ಮೇಲೆ ಸಂಶಯವೇ? ಸ್ವಲ್ಪ ಬಿರುಸಾಗಿಯೇ ಮಾತಾಡಿದೆ.

೧೯ ಜುಲೈ

೮೩.

ದೇವಣಗಾಂವದವರ ಪಂಪು ಕೊಟ್ಟು ಮನೆಗೆ ಬಂದರೆ ಜ್ಯೋತಿ ಡಬ್ಬಿಯ ಮುಂದೆ ಚಾಪೆ ಹಾಕಿ ಕೂತಿದ್ದಳು. ತನ್ನ ಊಟ ಆಗಿಲ್ಲ.

"ಪುಣೆ ಗೆಳತಿಗೆ ಫೋನ್ ಮಾಡಿದ್ನಿ. ಆಗಸ್ಟ್ ಹದಿನೈದರ ತನಕ ನೋಡು, ತಿನಲಿಲ್ಲಂದ್ರ ವಾಪಸ್ ತಗೊಂಡ ಬಾ ಅಂದ್ಲು. ಅಲ್ಲೀತನಕ ಉಳದ್ರ."

"ಉಳೀತೈತಿ ಬಿಡ."

"ನಿಮಗ ಹೆಂಗ ಗೊತ್ತು?"

ನನಗೆ ಗೊತ್ತಿಲ್ಲ. ಸುಟ್ಟ ಮೋಟಾರಾದರೆ ಬಿಚ್ಚಿ ನೋಡಬಹುದು. ಇದನ್ನು ಏನು ಬಿಚ್ಚಲಿ.

೨೮ ಜುಲೈ, ಸೋಮವಾರ

ನಾಗಚೌತಿ. ಅವ್ವ, ಜ್ಯೋತಿ ನಾಗಪ್ಪನ ಕಲ್ಲಿಗೆ ಹಾಲೆರೆದು ಬಂದರು. ಗುಂಡವ್ವನಿಗೆ ಹಾಲು ಇಡುತ್ತೀಯಾ ಎಂದು ಅವ್ವನನ್ನು ಕೆಣಕಿದೆ. "ಹಾವು ಹಾಲ ಕುಡಿಯಂಗಿಲ್ಲಂತ ನಿನ್ನ ಹೇಣ್ತಿ ಬರೂಕಿಂತ ಮೊದಲ ನನಗ ಗೊತ್ತೈತಿ. ಕಲ್ಲಿಗೆ ಹಾಕಿ ಬಂದೇನಿ" ಅಂದಳು. ಶೇಂಗಾದುಂಡಿ ನಾಲ್ಕು ತಿಂದೆ. ನಾಳೆ ಪಂಚಮಿ, ಒಲೆಯ ಮೇಲೆ ಹಂಚು ಇಡುವಂತಿಲ್ಲ. ರೊಟ್ಟಿ ಇವತ್ತೇ ಬಡಿದು ಇಟ್ಟಿದ್ದಾರೆ.

೨೯ ಜುಲೈ, ಮಂಗಳವಾರ, ಬೆಳಿಗ್ಗೆ ೧೦

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸ್ನಾನ ಮುಗಿಸಿ ಬಂದರೆ ಮೀಟರ್ ಕಪ್ಪಗಿದೆ. ಪ್ಲಗ್ಗು ಕಿತ್ತು ನೆಲದ ಮೇಲೆ. ಹೊರಗೆ ಮಳೆ, ಕೋಣೆ ಥಂಡಿ. ಅವ್ವ ಡಬ್ಬಿಯ ಮುಂದೆ ಕೂತಿದ್ದಾಳೆ, ಮುಚ್ಚಳ ತೆರೆದಿದೆ. ಕೂಗಿಬಿಟ್ಟೆ.

"ಯಾರ ತಗದ್ರು ಇದನ್ನ? ಸಾಯಸ್ತೀಯೇನವ್ವಾ ಅದನ್ನ?"

"ನಾನ ತಗದೇನಿ. ಇವತ್ತ ಪಂಚಮಿ. ಇಡೀ ಊರಾಗ ಯಾರ ಮನ್ಯಾಗೂ ಹಂಚ ಇಡಂಗಿಲ್ಲ, ನಾಗಪ್ಪನ ಹೆಡಿ ಸುಡತೈತಿ ಅಂತ. ನೀ ಖುದ್ದ ಹಾವಿನ ಹೊಟ್ಟಿ ಬುಡಕ ಹಂಚ ಇಟ್ಟೀಯಲ್ಲೋ ಸಿದ್ದು!"

"ಅದು ಹಂಚಲ್ಲ! ಮೂವತ್ತೊಂದು ಡಿಗ್ರಿ! ತಿಳೀದಿದ್ರ ಸುಮ್ಮ ಕೂಡು!"

ಎಪ್ಪತ್ತನಾಲ್ಕು ವರ್ಷದ ತಾಯಿಗೆ, ಹಬ್ಬದ ದಿನ, ಹೀಗಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಕೈ ಇಟ್ಟ ನೋಡು" ಅಂದಳು ಅಷ್ಟೇ. ತನ್ನ ಅಂಗೈಯನ್ನು ಒಳಗೆ ಬಿಟ್ಟು, ನಾರಿನ ಪುಡಿ ಸರಿಸಿ ತಳಕ್ಕೆ ಒತ್ತಿದಳು. ಹಾವು ಗೇಣು ದೂರದಲ್ಲಿದೆ, ಇವಳಿಗೆ ಲಕ್ಷ್ಯವೇ ಇಲ್ಲ. "ಅರವತ್ತ ವರ್ಷ ರೊಟ್ಟಿ ಬಡದ ಕೈ ಇದು. ತಗದು ಅರ್ಧಾ ತಾಸಾತು, ಇನ್ನೂ ಬಿಸಿ ಐತಿ. ಕೂಸಿನ ಹೊಟ್ಟಿಗೆ ಇಡೂ ಬಿಸಿ ಏನಿದು?"

ಒಳಗೆ ಕೈ ಬಿಡಲು ನನ್ನಿಂದ ಆಗಲಿಲ್ಲ. ಅವ್ವ ನನ್ನ ಮುಖ ನೋಡಿದಳು. ನನ್ನ ಮಣಿಕಟ್ಟು ಹಿಡಿದು ಒಳಗೆ ಇಳಿಸಿದಳು. ಸಣ್ಣ ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ.

ಹೌದು. ಬಿಸಿ.

ಅದೇ ದಿನ, ಮಧ್ಯಾಹ್ನ ೨

ತಬ್ರೇಜ ಹಬ್ಬದುಂಡಿ ತಿನ್ನಲು ಬಂದವನು ದೂರದಿಂದಲೇ ಬಿಸಿ ಅಳೆಯುವ ಗನ್ ತಂದ. ಹತ್ತು ನಿಮಿಷ ಪ್ಲಗ್ ಹಾಕಿ ನೋಡಿದೆವು. ಗಾಳಿ ೨೯, ಇನ್ನೂ ಏರುತ್ತಿದೆ. ತಳ ೪೭.

ತಪ್ಪು ನನ್ನದೇ, ಎಳ್ಳಷ್ಟೂ ಬೇರೆಯವರದಲ್ಲ. ಕೋಳಿಮರಿ ಗಾಳಿಯಲ್ಲಿ ನಿಲ್ಲುತ್ತದೆ, ಹಾವು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುತ್ತದೆ. ನಾನು ಗಾಳಿಯನ್ನು ಅಳೆದೆ. ಜೂನಿನ ಸೆಕೆಯಲ್ಲಿ ಮ್ಯಾಟ್ ಹೊತ್ತಿದ್ದೇ ಕಡಿಮೆ, ನಡೆದುಹೋಯಿತು. ಮಳೆ ಹಿಡಿದು ಗಾಳಿ ತಣ್ಣಗಾದಂತೆ ಮ್ಯಾಟ್ ಆರದೇ ಉರಿಯಿತು, ತಳ ಕಾಯುತ್ತ ಹೋಯಿತು. ಪಾಪದ ಜೀವ ತಂಪು ಮೂಲೆಗೆ ಓಡಿ ಕೂತಿತ್ತು. ಬಿಸಿ ಬೇಕು, ಬಿಸಿಯ ಕಡೆ ಹೋದರೆ ಸುಡುತ್ತದೆ. ಹೇಗೆ ತಿನ್ನಬೇಕು?

ಮತ್ತೆ, ಅಂಗಡಿಯಲ್ಲಿ ಯಾವ ಮೋಟಾರನ್ನೂ ಮುಂಗೈ ಹಚ್ಚಿ ನೋಡದೆ ಹೊರಗೆ ಕಳಿಸಿದವನಲ್ಲ ನಾನು. ಇಲ್ಲಿ ಆರು ವಾರ ಕೈ ಹಚ್ಚಲಿಲ್ಲ. ಹೆದರಿಕೆಯಿಂದ. ಆ ಹೆದರಿಕೆಗೆ ಈ ಮರಿ ಉಪವಾಸ ಬಿತ್ತು. ನಾಚಿಕೆಯಾಗುತ್ತಿದೆ.

ಜ್ಯೋತಿ ಹೊಟ್ಟೆ ತಿರುಗಿಸಿ ನೋಡಿದಳು. ಬೊಬ್ಬೆಯಿಲ್ಲ, ಒಂದು ಕಡೆ ತೆಳುವಾಗಿ ಕೆಂಪಾಗಿದೆ. ಪುಣೆಯ ಪ್ರಾಣಿ ಡಾಕ್ಟರಿಗೆ ಫೋಟೋ ಕಳಿಸಿದಳು. ನಾರಿನ ಪುಡಿ ತೆಗೆದು ಬಿಳಿ ಕಾಗದ ಹಾಸಿ, ತಳ ಒಣಗಿರಲಿ, ವಾಸಿಯಾಗುತ್ತದೆ ಎಂದರಂತೆ.

ಸೆನ್ಸರ್ ಈಗ ಮ್ಯಾಟಿಗೂ ಡಬ್ಬಿಯ ತಳಕ್ಕೂ ನಡುವೆ, ಹೊರಗಡೆ, ಅಲುಗದ ಹಾಗೆ. ಬೇರೆಯದೊಂದು ಥರ್ಮಾಮೀಟರ್ ಒಳಗೆ, ತಳಕ್ಕೆ ತಾಗಿಸಿ. ಪ್ಲಗ್ ಹಾಕುವ ಮುಂಚೆ ಅವ್ವನ ಕಡೆ ನೋಡಿದೆ. ಪಂಚಮಿ ಇನ್ನೂ ಮುಗಿದಿಲ್ಲವಲ್ಲ.

"ಹಾಕೋ. ಒಲಿ ಹಚ್ಚಬಾರದಂತ ಯಾರ ಹೇಳ್ಯಾರು? ಹಂಚ ಇಡಬಾರದಂತ. ಕಡಬು ಕುದಸಂಗಿಲ್ಲೇನು ನಾವು? ಸಣ್ಣ ಬಿಸಿ ಇಡು."

ಅವಳ ಕಾಲು ಮುಟ್ಟಿದೆ. "ಸಾಕ ಬಿಡು, ಕಡಬು ಆರಾಕತ್ತಾವು" ಅಂದಳು.

೩ ಆಗಸ್ಟ್, ಭಾನುವಾರ

ತಳ ೩೧.೮. ತಂಪು ತುದಿ ೨೬. ದಿನಕ್ಕೆ ಎರಡು ಸಲ ಕೈ ಇಟ್ಟು ನೋಡುತ್ತೇನೆ. ಮೊದಲ ದಿನ ಕಣ್ಣು ಮುಚ್ಚಿ ಇಟ್ಟಿದ್ದೆ.

ಗುಂಡವ್ವ ಬೆಚ್ಚನೆಯ ಗೂಡಿನಲ್ಲಿದ್ದಾಳೆ! ಬೆಳಿಗ್ಗೆಯಿಂದ ಅಲ್ಲೇ. ಅವ್ವ, ಜ್ಯೋತಿ, ನಾನು ಸರದಿಯಲ್ಲಿ ಬಗ್ಗಿ ನೋಡಿದೆವು.

೯ ಆಗಸ್ಟ್

ಕೆಂಪು ಮಾಸಿದೆ. ತೂಕ ೭೯. ಊಟ ಇಟ್ಟೆವು, ಮೂಸಿ ನೋಡಿ ತಿರುಗಿತು. ಆದರೆ ಮೂಸಿತು. ಇಷ್ಟು ದಿನ ಅದೂ ಇರಲಿಲ್ಲ.

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ನಿನ್ನ ಬೇರಿಂಗ್ ಇನ್ನೂ ಎಷ್ಟ ಉಳದಾವೋ?" ನನಗೆ ತುತ್ತು ನೆತ್ತಿಗೇರಿತು. ಎಲ್ಲ ಗೊತ್ತಿದೆ ಅವಳಿಗೆ. "ಅದರ ಊಟ ಅದಕ್ಕ, ನಮ್ಮದು ನಮಗ. ನನ್ನ ಫ್ರಿಜ್ಜಿನ್ಯಾಗ ಮಾತ್ರ ಬ್ಯಾಡ." ಈ ಹೆಣ್ಣುಮಗಳ ಮುಂದೆ ನಾನು ಯಾವ ಲೆಕ್ಕ.

೧೩ ಆಗಸ್ಟ್, ಬುಧವಾರ, ಸಂಜೆ ೭.೧೦

ಪುಣೆಯವಳು ಕೊಟ್ಟ ಗಡುವಿಗೆ ಇನ್ನು ಎರಡೇ ದಿನ. ಜ್ಯೋತಿ ಬಾಗೇವಾಡಿ ಕಾಲೇಜಿಗೆ ಪರೀಕ್ಷೆಯ ಕೆಲಸಕ್ಕೆ ಹೋದವಳು, ಬಸ್ಸಿನಲ್ಲಿದ್ದಾಳೆ. ಫೋನಿನಲ್ಲೇ ಹೇಳಿದಳು, "ಇವತ್ತ ನೀವ ಉಣಸ್ರಿ." ಆಗುವುದಿಲ್ಲ ಅನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು "ಹೂಂ".

ಇಲಿಯನ್ನು ಬಿಸಿನೀರಿನ ಚೀಲದಲ್ಲಿ ಬೆಚ್ಚಗೆ ಮಾಡಿದೆ. ಉದ್ದನೆಯ ಚಿಮಟ. ದೀಪ ಆರಿಸಿ, ಪಕ್ಕದ ಕೋಣೆಯ ಬೆಳಕು ಮಾತ್ರ. ಅವ್ವ ಬಾಗಿಲ ಬಳಿ, ಸೆರಗು ಬಾಯಿಗೆ ಹಿಡಿದು.

ಗೂಡಿನ ಬಾಯಲ್ಲಿ ಮೂತಿ ಕಂಡಿತು. ನಾಲಿಗೆ ಒಂದು ಸಲ. ಮತ್ತೊಂದು ಸಲ. ತೋಳು ನೋಯತೊಡಗಿತು, ಅಲುಗಲಿಲ್ಲ. ಕತ್ತು ನಿಧಾನವಾಗಿ ಹಿಂದಕ್ಕೆ, ಕೊಕ್ಕೆಯಂತೆ ಬಾಗಿತು...

ಕಣ್ಣಿಗೆ ಕಾಣಲೇ ಇಲ್ಲ. ಚಿಮಟ ಖಾಲಿ! ಮೂರು ಸುತ್ತು ಸುತ್ತಿ ಬಿಗಿಹಿಡಿದಿದ್ದಾಳೆ. ಎಂಥ ವೇಗ, ಎಂಥ ಅಂದ. ಒಂಬತ್ತು ವಾರ ಉಪವಾಸವಿದ್ದ ಮೈಯಲ್ಲಿ ಇದೆಲ್ಲ ಎಲ್ಲಿತ್ತು.

ಜ್ಯೋತಿಗೆ ಫೋನ್ ಮಾಡಿದೆ. ಅವಳೇ ಕೇಳಿದಳು, "ತಿಂತೇನ್ರಿ?" "ತಿನ್ನಾಕತ್ತೇತಿ" ಅಂದೆ. ಅತ್ತ ಬಸ್ಸಿನ ಗದ್ದಲ, ಅದರ ನಡುವೆ ಅವಳು ಅಳುತ್ತಿದ್ದಳು. ನಾನೂ.

ಮುಗಿಯುವವರೆಗೆ ಅಲುಗಬೇಡಿ ಎಂದಿದ್ದಾಳೆ, ಅದಕ್ಕೇ ಇಲ್ಲೇ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ತಲೆಯ ಕಡೆಯಿಂದ ನುಂಗುತ್ತಿದ್ದಾಳೆ. ದವಡೆ ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ. ಅವ್ವ ಹತ್ತಿರ ಬಂದು ಕೂತಳು. "ಸಾವಕಾಶ ಉಣ್ಣವಾ, ಯಾರೂ ಕಸಗೊಳ್ಳಂಗಿಲ್ಲ" ಅನ್ನುತ್ತಿದ್ದಾಳೆ. ಇಲಿಯ ಬಾಲವೊಂದೇ ಹೊರಗಿದೆ. ಅದೂ ಈಗ ಒಳಗೆ ಹೋಯಿತು.