ಮಗ್ರಿಬ್ ನಂತರದ ತಾರೀಖು

ಶಹಾಬಾದ
೧೪ ಜನವರಿ ೧೯೭೨, ಬೆಳಿಗ್ಗೆ

ಮತ್ತೆ ಅದೇ ಕನಸು. ನಿಕಾಹದ ದಿನ. ಒಪ್ಪಿಗೆಯೇ ಎಂದು ಕೇಳುತ್ತಾರೆ. ಹೂಂ ಅನ್ನಲು ಹೋಗುತ್ತೇನೆ — ದನಿಯೇ ಇಲ್ಲ. ಎದ್ದು ನೀರು ತುಂಬಿದೆ. ರೊಟ್ಟಿ ಬಡಿದೆ.

ನಿನ್ನೆ ಇಂಗ್ಲೆಂಡಿನಿಂದ ಇವರ ಪತ್ರ. ಹಗಲು ಕಾಲೇಜು, ಸಂಜೆ ಬ್ರೆಡ್ ಫ್ಯಾಕ್ಟರಿ. ಪಗಾರದಲ್ಲಿ ಇನ್‌ಕಮ್ ಟ್ಯಾಕ್ಸ್ ಹಿಡಿಯುತ್ತಾರಂತೆ. ಊರಲ್ಲಿ ಹೆಂಡತಿ ಇದ್ದಾಳೆಂದು ಫಾರಂನಲ್ಲಿ ತೋರಿಸಿದರೆ ಕಡಿಮೆ. ನಿಕಾಹನಾಮಾದ ಇಂಗ್ಲಿಷ್ ನಕಲು ಬೇಕು. ಮುಂದೆ ನನ್ನನ್ನು ಅಲ್ಲಿಗೆ ಕರೆಸಿಕೊಳ್ಳುವಾಗಲೂ ಇದೇ ಕಾಗದ ನೋಡುತ್ತಾರಂತೆ. ನಕಲು ತಪ್ಪಾದರೆ?... ಐದನೇ ಇಯತ್ತೆಗೆ ಶಾಲೆ ಬಿಡಿಸಿದರು. ಇಂಗ್ಲಿಷ್ ಬಂದಿದ್ದರೆ ನಾನೇ ನೋಡುತ್ತಿದ್ದೆ.

೨೦ ಜನವರಿ

ಗುಲ್ಬರ್ಗಾದಲ್ಲಿ ನಕಲು ಮಾಡಿಸಿದ್ದಾಯಿತು. ಪೋಸ್ಟಿಗೆ ಹಾಕಿದೆ. ಟಿಕೀಟು ಸಾಲುತ್ತದೋ ಇಲ್ಲವೋ.

೨೬ ಫೆಬ್ರುವರಿ

ಇವರ ಪತ್ರ ಬಂತು. ಟ್ಯಾಕ್ಸ್ ಆಫೀಸಿನವರು ಒಪ್ಪಲಿಲ್ಲವಂತೆ. ನಕಲಿನಲ್ಲಿ ನಿಕಾಹ ೧೩ ಸೆಪ್ಟೆಂಬರ್ ೧೯೭೦, ಶಹಾಬಾದ. ಪಾಸ್‌ಪೋರ್ಟಿನಲ್ಲಿ ಇವರು ಮುಂಬೈ ಬಿಟ್ಟದ್ದೂ ಹದಿಮೂರೇ. ಒಬ್ಬ ಮನುಷ್ಯ ಎರಡು ಊರಲ್ಲಿ ಹೇಗೆ ಎಂದರಂತೆ.

ನಿಕಾಹ ಹನ್ನೆರಡರ ಸಂಜೆ. ಹೊತ್ತು ಮುಳುಗಿ ಮಗ್ರಿಬ್ ನಮಾಜ್ ಆದಮೇಲೆ. ಊಟ ಮುಗಿಸಿ ಇವರು ಅದೇ ರಾತ್ರಿ ವಾಡಿಯಲ್ಲಿ ಮುಂಬೈ ಗಾಡಿ ಹತ್ತಿದರು. ನನಗೆ ಗೊತ್ತು. ನನಗೆ ಗೊತ್ತಿದ್ದರೆ ಏನಾಯಿತು.

ಅತ್ತೆ ಸೈದಾನಬಿ ಒಲೆಯ ಮುಂದಿನಿಂದಲೇ — "ಅವತ್ತ ನೂರ ಮಂದಿ ಉಂಡು ಹೋದ್ರು. ನಾ ಯಾರಿಗಿ ಬಡಿಸಿದ್ನಿ, ಗಾಳಿಗೇನು?"

೨ ಮಾರ್ಚ್

ಅತ್ತೆಯ ಜೊತೆ ಬಸ್ಸಿನಲ್ಲಿ ಚಿತ್ತಾಪುರ. ನಿಕಾಹ ಓದಿಸಿದ ಖಾಜಿ ಗುಲಾಮ್ ರಸೂಲ್ ಅವರ ಮನೆ. ನಿಕಾಹಗಳನ್ನು ಬರೆದಿಡುವ ದಫ್ತರ ತೆಗೆದು ಬೆರಳಿಟ್ಟು ನೋಡಿದರು.

"ನಾ ಚಂದ್ರನ ತಾರೀಖು ಬರ್ದೀನಿ, ಬೇಟಿ. ಹೊತ್ತು ಮುಣಗಿದ ಕೂಡ್ಲೆ ನಮಗ ಮರುದಿನ. ನಕಲ ಮಾಡಿದಂವ ಆ ಮರುದಿನಾನೇ ಹಿಡದು ಇಂಗ್ಲಿಷ್ ಹದಿಮೂರು ಮಾಡ್ಯಾನ. ಅಂಗ್ರೇಜರಿಗಿ ತಾರೀಖು ಬದಲಾಗ್ಲಿಕ್ಕ ಅರ್ಧರಾತ್ರಿ ಆಗ್ಬೇಕು."

"ಅವರ ದಿನಾ ಭಾಳ ಸಾವಕಾಶ ಏಳ್ತದ ಬಿಡ್ರಿ" ಎಂದರು ಅತ್ತೆ.

ಖಾಜಿ ನಕ್ಕರು. ಹನ್ನೆರಡರ ಸಂಜೆ ಎಂದು ಬೇರೆ ಚೀಟಿ ಬರೆದು ಮೊಹರು ಒತ್ತಿದರು. ಅಲ್ಲಿಯೇ ಪೋಸ್ಟ್ ಮಾಡಿ ಬಂದೆವು.

೨೯ ಮಾರ್ಚ್

ಇವರ ಪತ್ರ. ಚೀಟಿ ಮುಟ್ಟಿದೆ. ಮತ್ತೆ ಆಫೀಸಿಗೆ ಹೋಗಲಿಲ್ಲವಂತೆ — ಪರೀಕ್ಷೆ ಹತ್ತಿರ. ಮದುವೆ ಆಗಿಲ್ಲ ಅನ್ನುವ ಚೌಕಕ್ಕೆ ಗುರುತು ಹಾಕಿ ಫಾರಂ ಕೊಟ್ಟರಂತೆ. 'ಕಾಗದದ ಮಟ್ಟಿಗಷ್ಟೇ. ಮನಸ್ಸಿಗೆ ಹಚ್ಚಿಕೋಬ್ಯಾಡ.'

ನನ್ನನ್ನು ಕರೆಸುವ ಮಾತು ಇಲ್ಲ. ಎರಡು ಸಲ ಓದಿದೆ. ಹಿಂದೆಯೂ ನೋಡಿದೆ, ಖಾಲಿ.

ಅಳು ಬರಲಿಲ್ಲ. ಅಂಗಳದಲ್ಲಿ ಫ್ಯಾಕ್ಟರಿಯ ಸಿಮೆಂಟಿನ ಧೂಳು ಕೂತಿತ್ತು, ಗುಡಿಸಿದೆ.

"ಏನ್ ಬರ್ದಾನ ನಮ್ಮ ಶೌಕತ?" ಎಂದರು ಅತ್ತೆ, ಮಗನ ಸುದ್ದಿಗೆ.

"ಆರಾಮ ಅದಾರಂತ್ರಿ."

೩ ಏಪ್ರಿಲ್, ಮಧ್ಯಾಹ್ನ

ಅತ್ತೆ ಮಲಗಿದ್ದಾರೆ. ಖಾಜಿಯವರಿಗೆ ಕಾರ್ಡು ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ತಪ್ಪಾಗಬಾರದು.

ಖಾಜಿ ಸಾಬರಿಗೆ ಜೈತುನ್‌ಬೀ ಮಾಡುವ ಸಲಾಂ. ತಾರೀಖಿನ ಮಾತು ಬಿಡ್ರಿ. ದಫ್ತರ ಇನ್ನೊಮ್ಮೆ ತೆಗೆದು ಒಂದೇ ನೋಡ್ರಿ — ಇವರ ಹೆಸರಿನ ಬಾಜೂಕ ನನ್ನ ಹೆಸರು ಅದನೋ ಇಲ್ಲೋ.