ದೊಬ್ರಿಲಾಳ ಮಂಡಿ ನೋವು

ಬೆಲ್‌ಗ್ರೇಡ್

ಕ್ನೆಜ್ ಮಿಹೈಲೊವಾ ಬೀದಿಯ ಸಂಜೆ ಸಂಚಾರಿ ಮಹಾಜನರೇ, ಗಲಾಟೆ ಬೇಡ. ಮುನಿಸಿಕೊಂಡು ತನ್ನ ತಂಗಿಯ ಮನೆ ಸೇರಿರುವ ಹೆಂಡತಿಗೆ ಬರೆಯುತ್ತಿದ್ದೇನೆ.

ಪ್ರಿಯ ದೊಬ್ರಿಲಾ,

ನಾನೊಬ್ಬನೇ ಅಡ್ಡಾಡುವುದನ್ನು ಕಂಡು ಬೀದಿಯೆಲ್ಲ ನಿನ್ನನ್ನೇ ಕೇಳಿತು. ಜಗಳವೆನ್ನಲಾರದೆ ನಿನಗೆ ಮಂಡಿ ನೋವೆಂದುಬಿಟ್ಟೆ. ಹೂ ಮಾರುವ ಪೆರ್ಸಿದಾ ಅಜ್ಜಿ ಎಲೆಕೋಸಿನ ಜೊತೆ ರಾಕಿಯಾ ಸಾರಾಯಿಯನ್ನೂ ತಂದುಕೊಟ್ಟಳು.

“ಎಲೇನ ಇದ್ರಲ್ಲಿ ಅದ್ದಿ ಅವಳ ಮಂಡಿಗೆ ಕಟ್ಟೋ. ನಿನ್ನ ಗಂಟಲಿಗಲ್ಲ, ತಿಳೀತಾ?”

ಅವಳನ್ನು ನೋಡಿ ಉಳಿದವರೂ ಒಂದೊಂದು ಕೋಸು ತಂದರು. ಈಗ ಊರಿಗೆಲ್ಲ ಕನಿಕರ, ಮನೆ ತುಂಬ ಕೋಸಿನ ಆಗರ. ಬರುವಾಗ ದಯವಿಟ್ಟು ಸ್ವಲ್ಪ ಕುಂಟುತ್ತಾ ಬಾ. ನನ್ನ ಮಾನ ಉಳಿಯುತ್ತದೆ.

ಇಲ್ಲ, ಮನೆಯಲ್ಲಿ ಒಬ್ಬನೇ ಕೂತು ಬರೆಯುತ್ತಿದ್ದೇನೆ; ಇಲ್ಲಿ ಮಹಾಜನರೂ ಇಲ್ಲ, ಮಾನದ ಚಿಂತೆಯೂ ಇಲ್ಲ. ನಾನು ಈಗ ಬೀದಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ನೀನು ಹಿಡಿಯದ ತೋಳನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಕುಂಟದೆಯೇ ಬಾ.

ನಿನ್ನ
ವುಕಾಶಿನ್